ಮಾಸ್ತರು ಬರೆಸಿದ್ದು

“ಇದು ಅಡಿಗಿಮನಿ ಮಾತಾತು. ಪರೀಕ್ಷಾದಾಗ ಇದಕ್ಕ ಯಾರೂ ಮಾರ್ಕು ಹಾಕೂದಿಲ್ಲವ್ವ,” ಎಂದು ಕಲ್ಲಯ್ಯ ಮಾಸ್ತರು ದುರ್ಗಿಯ ಉತ್ತರಕ್ಕೆ ಅಡ್ಡ ಗೀಟು ಎಳೆದರು.

ಯುದ್ಧಕ್ಕೆ ಹೊರಟ ಮಗನಿಗೆ ತಾಯಿ ಊಟ ಬಡಿಸುವ ಪದ್ಯ ಅದು. ಬಡಿಸುವುದು ಮುಗಿದರೆ ಮಗ ಏಳುತ್ತಾನೆ, ಅದಕ್ಕೇ ಅವನು ಬೇಡವೆಂದರೂ ಅವಳು ಬಡಿಸುತ್ತಲೇ ಇದ್ದಳು ಎಂದು ಹುಡುಗಿ ಬರೆದಿದ್ದಳು. ಚೆನ್ನಾಗಿಯೇ ಇತ್ತು, ಮಾಸ್ತರಿಗೆ ತಿಳಿಯದ್ದೇನಲ್ಲ. ಆದರೆ ಸಿದ್ದಾಪುರದಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ ದಣಿದ ಜೀವ. ಚೆನ್ನಾಗಿರುವುದು ಬೇರೆ, ಪಾಸಾಗುವುದು ಬೇರೆ ಎಂದು ಅವರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಪಾಸಾಗಲು ಅವರ ನೋಟ್ಸಿತ್ತು. ಪಠ್ಯ ಬದಲಾದರೂ ನೋಟ್ಸು ಅಷ್ಟಾಗಿ ಬದಲಾಗುತ್ತಿರಲಿಲ್ಲ; ತಾಯಿ ಯಾರೇ ಆಗಲಿ, ಅವಳ ಹೃದಯದಲ್ಲಿ ವಾತ್ಸಲ್ಯಕ್ಕೂ ಕರ್ತವ್ಯಕ್ಕೂ ತುಮುಲ ಯುದ್ಧ ನಡೆಯಲೇಬೇಕು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಹುಡುಗರು ಹಿಂದಿನಿಂದ ನಗುತ್ತಲೇ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ದುರ್ಗಿಯೂ ಬರೆದುಕೊಂಡಳು. ಹೇರೂರಿನ ಕಡೆಯಿಂದ ನಡೆದು ಬರುವ ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡಳು. ಅವಳ ಕೇರಿಯಿಂದ ಎಸ್ಸೆಸ್ಸೆಲ್ಸಿಗೆ ಕೂತ ಮೊದಲ ಹುಡುಗಿ. ಕೆರಿಯನೆಂಬ ಅವಳ ಅಪ್ಪ ಯಾರ್‍ಯಾರದೋ ಕಾಲು ಹಿಡಿದು ಕಾಲೇಜಿಗೆಂದು ಧಾರವಾಡದ ಹಾಸ್ಟೆಲಿನಲ್ಲಿ ಜಾಗ ಗೊತ್ತು ಮಾಡಿದ್ದ.

ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ಮಾಸ್ತರು ಊರೆಲ್ಲ ಹೇಳಿಕೊಂಡು ತಿರುಗಿದರು. ಆಮೇಲೆ ಬೇರೆಲ್ಲರ ಫಲಿತಾಂಶ ಬಂದು ಇವರ ಶಾಲೆಯ ಒಂಬತ್ತು ಮಕ್ಕಳದು ಮಾತ್ರ ಬರಲಿಲ್ಲ. ಒಂಬತ್ತು ಉತ್ತರಪತ್ರಿಕೆಗಳಲ್ಲೂ ಆ ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಇದೆ, ನಕಲು ನಡೆದಿದೆ ಎಂದು ಮೇಲಿನವರಿಗೆ ಅನುಮಾನ. ಕಾಲೇಜು ಸೇರಲು ಉಳಿದದ್ದು ಎಂಟೇ ದಿನ.

ವಿಚಾರಣೆಗೆ ಬಂದ ಅಧಿಕಾರಿ ನಾಗಪತಿಯವರು ಒಳ್ಳೆಯ ಮನುಷ್ಯ. ನೋಟ್ಸು ನನ್ನದು, ತಪ್ಪೂ ನನ್ನದೇ ಎಂದು ಮಾಸ್ತರು ಹೇಳಿದ್ದನ್ನು ಸಮಾಧಾನದಿಂದ ಕೇಳಿಕೊಂಡರು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಪುಸ್ತಕವಿಲ್ಲದೆ ಅದೇ ಉತ್ತರ ಹೇಳಿಸಿದರು. ಕೊನೆಯವಳು ದುರ್ಗಿ. ಎಲ್ಲೂ ತಡವರಿಸದೆ ಒಂದೇ ಉಸಿರಿಗೆ ಒಪ್ಪಿಸಿದಳು. ಇದು ನಕಲಲ್ಲ, ಬಾಯಿಪಾಠ ಎಂದು ಅಧಿಕಾರಿಗಳು ನಕ್ಕು, ಇಂದೇ ಬರೆದು ಕಳಿಸುತ್ತೇನೆ, ಫಲಿತಾಂಶ ಬಿಡುತ್ತಾರೆ ಎಂದರು.

ಕಾಗದ ಮಡಿಸುತ್ತ ಸುಮ್ಮನೆ ಕೇಳಿದರು: “ಅದಿರಲಿ ತಂಗಿ. ಆ ತಾಯಿ ಬಗ್ಗೆ ನಿನಗೇನು ಅನ್ನಿಸ್ತದೆ?”

ದುರ್ಗಿ ಬಾಯಿ ತೆರೆದಳು. ಹೇಳು ಮಗಳೇ, ಅವತ್ತು ನೀನು ಬರೆದದ್ದನ್ನೇ ಹೇಳು ಎಂದು ಮಾಸ್ತರು ಮನಸ್ಸಿನಲ್ಲೇ ಅಂಗಲಾಚಿದರು. ಅವಳು ಅವರ ಮುಖ ನೋಡಿದಳು, ನೆಲ ನೋಡಿದಳು.

“ಅದ್ನ ಮಾಸ್ತರು ಬರ್ಸಿಲ್ಲ,” ಎಂದಳು.

ಹೊರಗೆ ಜಗಲಿಯಲ್ಲಿ ಕಾಯುತ್ತಿದ್ದ ಕೆರಿಯನಿಗೆ ಯಾರೋ ಸುದ್ದಿ ಮುಟ್ಟಿಸಿದರು. ಅವನು ಓಡಿಬಂದು, ಮಗಳನ್ನು ದಡ ಹತ್ತಿಸಿದ ದೇವರು ನೀವು ಎನ್ನುತ್ತ ಕಲ್ಲಯ್ಯನವರ ಪಾದ ಮುಟ್ಟಲು ಬಾಗಿದ. ಮಾಸ್ತರು ಎರಡೂ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡರು.