ಆರರಲ್ಲಿ ಒಬ್ಬ

“ಬೆರಳು ತೋರಿಸಿ ಬಂದ್ಬಿಡು, ಅಷ್ಟೇ,” ಎಂದು ಗಂಡ ಪ್ರಭಾಕರ ಕೋರ್ಟಿನ ಮುಂದೆ ಕಾರು ನಿಲ್ಲಿಸಿದ. “ಈಗ ಸ್ಟೇಟ್‌ಮೆಂಟ್ ಚೇಂಜ್ ಮಾಡಿದ್ರೆ ಸುಳ್ಳಿ ಅಂತಾರೆ. ನೆಕ್ಸ್ಟ್ ಮಂತ್ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇದೆ.”

“ನಾನು ಮುಖಾನೇ ನೋಡ್ಲಿಲ್ಲ.”

“ಮತ್ತೆ ಸೈನ್ ಯಾಕೆ ಮಾಡ್ದೆ, ಮಹರಾಯ್ತಿ?”

ಪಂಕಜಾ ಕಾರಿನಿಂದ ಇಳಿದಳು. ಅವತ್ತು ರೈಲು ಸ್ಟೇಷನ್ನಿನ ಮೆಟ್ಟಿಲ ಮೇಲೆ ಹಿಂದಿನಿಂದ ಯಾರೋ ಪರ್ಸ್ ಕಿತ್ತುಕೊಂಡು ಓಡಿದಾಗ ಅವಳಿಗೆ ಕಂಡದ್ದು ಒಂದು ಕಪ್ಪು ಕೈ, ಒಂದು ಹಸಿರು ತೋಳು. ಪೊಲೀಸರು ಮೇಜಿನ ಮೇಲೆ ಆರು ಫೋಟೋ ಹರಡಿದ್ದರು. ಆರೂ ಕರಿಯರವು. ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಎರಡನೇ ರ‍್ಯಾಂಕು ಬಂದವಳು ಅವಳು. ಗೊತ್ತಿಲ್ಲದ ಪ್ರಶ್ನೆಯನ್ನೂ ಖಾಲಿ ಬಿಟ್ಟವಳಲ್ಲ. ನಾಲ್ಕನೆಯದನ್ನು ಮುಟ್ಟಿದಳು. “ವೆರಿ ಗುಡ್,” ಎಂದ ಪತ್ತೇದಾರ. ಆ ಎರಡು ಮಾತಿಗೆ ಅವಳು ಹಿಗ್ಗಿದ್ದಳು.

ನಾಲ್ಕನೆಯವನಿಗೆ ಹೆಸರಿತ್ತು: ಮಾರ್ವಿನ್ ಟೇಟ್. ಏಳು ತಿಂಗಳಿಂದ ಜೈಲಿನಲ್ಲಿದ್ದ.

ಇವತ್ತು ಯಾರದೋ ದೊಗಲೆ ಕೋಟು ತೊಟ್ಟು ಆರೋಪಿಯ ಮೇಜಿಗೆ ಕೂತಿದ್ದ. ತೀರ್ಪು ಹೇಳಬೇಕಾದ ಜ್ಯೂರಿಯ ಹನ್ನೆರಡೂ ಮಂದಿ ಬಿಳಿಯರು. ಇಡೀ ಕೋಣೆಗೆ ಕರಿಯ ಅವನೊಬ್ಬನೇ. ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಶ್ನೆ ಕೇಳುತ್ತಿದ್ದಾರೆ ಎನಿಸಿ ಪಂಕಜಾಳ ಮೈ ಉರಿಯಿತು.

“ನಿಮ್ಮ ಪರ್ಸ್ ಕಿತ್ತವನು ಇಲ್ಲಿದ್ದಾನೆಯೇ?” ಸರ್ಕಾರಿ ವಕೀಲ ಕೇಳಿದ.

“ಗೊತ್ತಿಲ್ಲ.”

“ನಿಧಾನವಾಗಿ ನೋಡಿ, ಮೇಡಂ.”

“ನೋಡಿದೆ. ಅವತ್ತು ಮುಖ ಕಾಣಲಿಲ್ಲ. ಆರು ಫೋಟೋ ಇಟ್ಟರು, ಒಂದನ್ನು ಹೇಳಲೇಬೇಕು ಅಂದುಕೊಂಡೆ. ಊಹಿಸಿದೆ.”

ಟೇಟ್ ಮೊದಲ ಬಾರಿಗೆ ತಲೆಯೆತ್ತಿದ.

ವಕೀಲ ಸಿಟ್ಟಾಗಲಿಲ್ಲ. ದನಿ ತಗ್ಗಿಸಿದ. “ಅವನು ನಿಮ್ಮನ್ನೇ ನೋಡುತ್ತಿದ್ದಾನೆ. ಭಯವಾಗುತ್ತಿದೆಯೇ?”

“ಇಲ್ಲ!” ಅವಳ ಕೈ ನಡುಗಿತು. ಸಿಟ್ಟಿಗೆ.

ಹನ್ನೆರಡು ಮುಖಗಳು ಆ ಕೈಯನ್ನು ನೋಡಿದವು. ಮುಂದಿನ ಸಾಲಿನ ಮುದುಕಿ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದಳು.

“ಹೇಳಿಕೆಯ ಕೆಳಗಿನ ಸಹಿ ನಿಮ್ಮದೇ?”

“ಹೌದು, ಆದರೆ—”

“ಥ್ಯಾಂಕ್ಯೂ.”

ಪಂಕಜಾ ಟೇಟನ ವಕೀಲನತ್ತ ನೋಡಿದಳು. ಬೆಳಿಗ್ಗೆಯಷ್ಟೇ ಫೈಲು ಕೈಗೆ ಬಂದವನಂತೆ ಅವನು ಹಾಳೆ ಮಗುಚುತ್ತಿದ್ದ. “ನನ್ನದು ಪ್ರಶ್ನೆಯಿಲ್ಲ,” ಎಂದ.

“ನೀವು ಇಳಿಯಬಹುದು,” ಎಂದರು ನ್ಯಾಯಾಧೀಶರು.

“ಇನ್ನೂ ಮುಗಿದಿಲ್ಲ, ಕೇಳ್ರೀ! ನಾನು ಹೇಳೋದನ್ನ ಬರ್ಕೊಳ್ರೀ!”

ಮಾತು ಕನ್ನಡದಲ್ಲಿ ಹೊರಬಿದ್ದಿತ್ತು. ಕೋರ್ಟಿನ ಮಾತುಗಳನ್ನೆಲ್ಲ ಟೈಪು ಮಾಡುತ್ತಿದ್ದ ಹೆಂಗಸು ಬೆರಳುಗಳನ್ನು ಎತ್ತಿ ಹಿಡಿದು ಕಾದಳು. ಆಮೇಲೆ ತೊಡೆಯ ಮೇಲಿಟ್ಟುಕೊಂಡಳು.

ಟೇಟ್ ಬಾಯಾರಿ ಮೇಜಿನ ಮೇಲಿದ್ದ ನೀರಿನತ್ತ ಕೈ ಚಾಚಿದ. ಹಿಂದೆ ನಿಂತಿದ್ದ ಕಾವಲಿನವನು ಥಟ್ಟನೆ ಬಂದು, ಸಾಕ್ಷಿ ಹೇಳುವ ಹೆಣ್ಣಿನ ಸುರಕ್ಷತೆಗೆ, ಗಾಜಿನ ಲೋಟವನ್ನು ಅವನಿಗೆ ಎಟುಕದಷ್ಟು ದೂರ ಸರಿಸಿದ.