ಹುಲ್ಲು ಬೆಳೆದ ಕಾಲದ ಸಫಾರಿ

ಆಫ್ರಿಕಾದ ಕಾಡಿಗೆ ಹೋಗುತ್ತೇನೆ ಎಂದು ಅಮ್ಮ ಹೇಳಿದ್ದು ಭಾನುವಾರದ ಊಟದ ಮೇಜಿನಲ್ಲಿ, ಉಪ್ಪಿನ ಡಬ್ಬಿ ಇತ್ತ ಸರಿಸು ಎನ್ನುವಷ್ಟು ಸಲೀಸಾಗಿ. ನೀರು ಕುಡಿಯುತ್ತಿದ್ದ ಅಳಿಯನಿಗೆ ನೆತ್ತಿಗೇರಿತು. ಮಗಳು ಅವನ ಬೆನ್ನು ತಟ್ಟುತ್ತ, ಹಿಂದುಮುಂದು ಯೋಚಿಸದೆ ಕೇಳಿಬಿಟ್ಟಳು:

"ಅಲ್ಲಿಗೆ ಹೋಗಿ ಏನಮ್ಮ ನೋಡ್ತೀಯ ನೀನು?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಮ್ಮನಿಗೆ ಹುಟ್ಟಿದಾಗಿನಿಂದಲೂ ಕಣ್ಣು ಕಾಣುವುದಿಲ್ಲ.

ಅಮ್ಮನಿಗೆ ಬೇಸರವೇನೂ ಆಗಲಿಲ್ಲ. "ನೋಡೋಕೆ ಅಂತ ಯಾರು ಹೇಳಿದ್ರು? ಕೇಳೋಕೆ ಹೋಗ್ತೀನಿ. ಈ ಬೀದಿ ಸದ್ದೆಲ್ಲ ನಂಗೆ ಬಾಯಿಪಾಠ ಆಗಿದೆ ಕಣೆ. ಎದುರು ಮನೆಯವರ ಸ್ಕೂಟರ್ ಕೆಮ್ಮೋದು, ಮೇಲಿನ ಮನೆಯವಳು ಕುರ್ಚಿ ಎಳೆಯೋದು, ನಿನ್ನ ಗಂಡ ಬೆಳಗಿನ ಜಾವ ಎದ್ದು ಕಾಲ್ಬೆರಳು ಮಂಚಕ್ಕೆ ಹೊಡ್ಕೊಂಡು ಅಯ್ಯಯ್ಯೋ ಅನ್ನೋದು. ಇನ್ನು ಹೊಸದೇನಾದ್ರೂ ಬೇಕು ನಂಗೆ."

"ಅತ್ತೆ, ಅಯ್ಯಯ್ಯೋ ನಾನು ಬೇರೆ ರಾಗದಲ್ಲಿ ಹೇಳ್ತೀನಿ ಬಿಡಿ. ಅಷ್ಟಕ್ಕೆಲ್ಲ ಆಫ್ರಿಕಾ ಯಾಕೆ?" ಎಂದ ಅಳಿಯ. ಅವನದು ಕೆಳಗಿನ ರಸ್ತೆಯಲ್ಲೊಂದು ಬೇಕರಿ.

"ರಾಗ ಬದಲಾದ್ರೂ ಗಂಟಲು ಅದೇ ತಾನೆ, ಅಳಿಯಂದ್ರೆ?"

ಅಮ್ಮ ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತು ವರ್ಷ ಕೂತವಳು. ಗಾಬರಿಬಿದ್ದು ಫೋನ್ ಮಾಡಿದವರು ಅವಳ ದನಿ ಕೇಳಿದೊಡನೆ ಅರ್ಧ ಸಮಾಧಾನವಾಗುತ್ತಿದ್ದರು. ನಿವೃತ್ತಿಯಾದ ಮೇಲೂ ಆ ದನಿಗೆ ಕೆಲಸ ತಪ್ಪಲಿಲ್ಲ. ಲಿಫ್ಟ್ ತಯಾರಿಸುವ ಕಂಪನಿಯೊಂದು ಅವಳನ್ನು ಸ್ಟುಡಿಯೋಗೆ ಕರೆಸಿ, "ಬಾಗಿಲು ಮುಚ್ಚುತ್ತಿದೆ", "ಎರಡನೇ ಮಹಡಿ" ಎಂದೆಲ್ಲ ಹೇಳಿಸಿ ರೆಕಾರ್ಡ್ ಮಾಡಿಕೊಂಡಿತು. ಆಮೇಲೆ ಬ್ಯಾಂಕಿನವರು ಬಂದರು, ಬಸ್ಸಿನವರು ಬಂದರು. ಈ ದುಡ್ಡನ್ನು ಅಮ್ಮ ಮನೆಖರ್ಚಿಗೂ ತೆಗೆಯದೆ, ಮಗಳಿಗೂ ಕೊಡದೆ ಬೇರೆಯೇ ಖಾತೆಯಲ್ಲಿ ಇಟ್ಟುಕೊಂಡು ಬಂದಿದ್ದಳು. ಅದು ಯಾತಕ್ಕೆಂದು ಆ ಭಾನುವಾರ ಮನೆಯವರಿಗೆ ಗೊತ್ತಾಯಿತು.

"ಇಬ್ಬರ ಖರ್ಚೂ ನಂದೇ," ಎಂದಳು ಮಗಳಿಗೆ. "ನೀನು ರಜಾ ಹಾಕಿ ಬಂದ್ರೆ ಸಾಕು."

ಮಗಳು ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಯಾರದೋ ದವಡೆಯ ಅಚ್ಚಿನ ಮೇಲೆ ಬಗ್ಗಿ ಕೂತವಳಿಗೆ ಆನೆ ಸಿಂಹಗಳ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಆದರೆ ಅಮ್ಮ ಒಂದು ಸಲ ಮನಸ್ಸು ಮಾಡಿದಳೆಂದರೆ ಮುಗಿಯಿತು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವಾರವೇ ಇಬ್ಬರೂ ಟ್ರಾವೆಲ್ ಏಜೆನ್ಸಿಗೆ ಹೋದರು. ಅದು ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಇನ್ನೂ ಮೂವರಿದ್ದರು. "ಬಾಗಿಲು ಮುಚ್ಚುತ್ತಿದೆ" ಎಂದಿತು ಲಿಫ್ಟು, ಅಮ್ಮನ ದನಿಯಲ್ಲಿ. ಅಮ್ಮ ಮುಖ ಕಿವುಚಿ, "ಆವತ್ತು ನೆಗಡಿ ಇತ್ತು ನಂಗೆ. ಇನ್ನೊಂದ್ಸಲ ಹೇಳ್ತೀನಿ ಅಂದ್ರೂ ಕೇಳಲಿಲ್ಲ ಅವ್ರು," ಎಂದಳು. ಪಕ್ಕದಲ್ಲಿದ್ದವರು ಲಿಫ್ಟಿನ ಚಾವಣಿಯನ್ನೊಮ್ಮೆ ಅಮ್ಮನನ್ನೊಮ್ಮೆ ನೋಡಿದರು. ಮಗಳಿಗೆ ಎದೆಯುಬ್ಬಿತು.

ಏಜೆನ್ಸಿಯ ಹೆಂಗಸು ಚುರುಕಿನವಳು, ಒಳ್ಳೆಯವಳು ಕೂಡ. ಆದರೆ ಕುರ್ಚಿ ಎಳೆದುಕೊಟ್ಟವಳೇ ಮಗಳ ಕಡೆ ತಿರುಗಿ, "ಅಮ್ಮನವರಿಗೆ ಜೀಪಿನ ಮೆಟ್ಟಿಲು ಹತ್ತೋಕೆ ಆಗುತ್ತಾ?" ಎಂದು ಕೇಳಿದಳು.

"ಅಮ್ಮನವರು ಇಲ್ಲೇ ಕೂತಿದಾರೆ, ಅವರನ್ನೇ ಕೇಳಿ," ಎಂದಳು ಅಮ್ಮ. "ಹತ್ತೋಕೆ ಆಗುತ್ತೆ. ಇಳಿಯೋವಾಗ ಸ್ವಲ್ಪ ಮಂಡಿ ಹಟ ಮಾಡುತ್ತೆ, ಅಷ್ಟೇ."

ಅಲ್ಲಿಂದ ಮುಂದೆ ಆ ಹೆಂಗಸು ಅಮ್ಮನೊಂದಿಗೇ ಮಾತಾಡಿದಳು. ವಿಮಾನ, ವೀಸಾ, ಜ್ವರ ತಡೆಯುವ ಲಸಿಕೆ, ವಿಮೆ, ಕ್ಯಾಂಪಿನಲ್ಲಿ ಊಟ ವಸತಿ, ಅಭಯಾರಣ್ಯದ ದಿನದ ಶುಲ್ಕ, ಗೈಡಿಗೂ ಅಡುಗೆಯವರಿಗೂ ಕೊಡಬೇಕಾದ ಭಕ್ಷೀಸು, ಎಲ್ಲವನ್ನೂ ಬಿಡಿಸಿ ಹೇಳಿದಳು. ಜೀಪಿನಲ್ಲಿ ಇನ್ನೂ ನಾಲ್ಕು ಜನರ ಜೊತೆ ಹಂಚಿಕೊಂಡು ಕೂತರೆ ಒಂದು ದರ, ಜೀಪು ಪೂರ್ತಿ ತಮಗೇ ಬೇಕೆಂದರೆ ಇನ್ನೊಂದು.

"ಪೂರ್ತಿ ಬೇಕು," ಎಂದಳು ಅಮ್ಮ.

"ಅಮ್ಮ, ಅದರ ದರ ಕೇಳಿದ್ಯಾ?"

"ಕೇಳಿದೆ. ಬೇರೆಯವರಿದ್ರೆ 'ಅಗೋ ಅಲ್ಲಿ, ಇಗೋ ಇಲ್ಲಿ' ಅಂತ ಕೂಗ್ತಾರೆ, ಕ್ಯಾಮೆರಾ ಕಟಕಟ ಅನ್ನಿಸ್ತಾರೆ, ಫೋಟೋ ಸಿಕ್ಕಿದ ತಕ್ಷಣ ನಡಿ ಮುಂದಕ್ಕೆ ಅಂತಾರೆ. ನಂಗೆ ಒಂದು ಕಡೆ ನಿಂತು, ಇಂಜಿನ್ ಆಫ್ ಮಾಡಿ, ಬಾಯಿ ಮುಚ್ಕೊಂಡು ಕೂರಬೇಕು. ಅದಕ್ಕೇ ನಾನು ದುಡ್ಡು ಕೊಡೋದು. ಬೇರೆ ಏನು ಬೇಕಾದ್ರೂ ಕಡಿಮೆ ಮಾಡಿ."

ಹೆಂಗಸು ಕಂಪ್ಯೂಟರಿನಲ್ಲಿ ಒಟ್ಟು ಮೊತ್ತ ಕೂಡಿಸಿ ಹೇಳಿದಳು. ಅದು ಅಮ್ಮನ ಖಾತೆಯಲ್ಲಿದ್ದ ದುಡ್ಡಿನ ಹೆಚ್ಚುಕಡಿಮೆ ಎರಡರಷ್ಟಿತ್ತು. ಅಮ್ಮ ಕೈಚೀಲದ ಹಿಡಿಯನ್ನು ಒಮ್ಮೆ ತಿರುಚಿ, "ಯೋಚನೆ ಮಾಡಿ ಬರ್ತೀವಿ," ಎಂದು ಎದ್ದಳು.

ಮನೆಯಲ್ಲಿ ಕತ್ತರಿ ಪ್ರಯೋಗ ಶುರುವಾಯಿತು. ಬಿಸಿಗಾಳಿ ಬಲೂನಿನಲ್ಲಿ ಹಾರಾಟ ಮೊದಲು ಹೋಯಿತು. ಮೇಲಿಂದ ನೋಡುವುದು ಅಮ್ಮನಿಗೆ ಯಾವ ಪುರುಷಾರ್ಥಕ್ಕೆ? ಈಜುಕೊಳದ ಕ್ಯಾಂಪು ಹೋಗಿ ಬರೀ ಗುಡಾರದ ಕ್ಯಾಂಪು ಬಂತು. ಕಾಡಿನವರೆಗೆ ಪುಟ್ಟ ವಿಮಾನದ ಬದಲು ಒಂದು ದಿನ ಪೂರ್ತಿ ರಸ್ತೆ ಪ್ರಯಾಣ ಎಂದಾಯಿತು. ಮಂಡಿ ಸ್ವಲ್ಪ ನೋಯಲಿ, ಎಂದಳು ಅಮ್ಮ. ಇಷ್ಟೆಲ್ಲ ಮಾಡಿದರೂ ಲೆಕ್ಕ ಹತ್ತಿರ ಬರಲೊಲ್ಲದು.

ಅಳಿಯ ಗಂಟಲು ಸರಿಮಾಡಿಕೊಂಡ. "ಅತ್ತೆ, ಹೊಸ ಓವನ್‌ಗೆ ಅಂತ ಎತ್ತಿಟ್ಟಿದ್ದು ಸ್ವಲ್ಪ ಇದೆ. ಹಳೇ ಓವನ್ ಇನ್ನೂ ಒಂದು ವರ್ಷ ತಳ್ಳುತ್ತೆ."

ಅಮ್ಮನ ದನಿ ಮೆತ್ತಗಾಯಿತು. "ನೀವು ಹೇಳಿದ್ರಲ್ಲ, ಅಷ್ಟೇ ಸಾಕು, ಅಳಿಯಂದ್ರೆ. ನನ್ನ ಕಾಡಿಗೆ ನಿಮ್ಮ ಒಲೆ ಆರಿಸೋದು ಬೇಡ. ಬಾಯಿ ಸವೆಸಿ ದುಡಿದ ದುಡ್ಡು ನಂದು, ಅದರಲ್ಲೇ ಹೋಗಬೇಕು. ಇಲ್ದಿದ್ರೆ ಇನ್ನೂ ಒಂದೆರಡು ಊರಿನ ಬಸ್ಸಿಗೆ ಕೂಗಿ ಆಮೇಲೆ ಹೋಗ್ತೀನಿ."

ಮಗಳು ಆ ರಾತ್ರಿ ಗಂಡನಿಗೆ, ಇನ್ನು ಅಮ್ಮ ಕೈಬಿಟ್ಟ ಹಾಗೇ ಎಂದಳು. ಅವಳ ಊಹೆ ತಪ್ಪಾಗಿತ್ತು. ಮಾರನೆಯ ವಾರ ಅಮ್ಮನೇ ಏಜೆನ್ಸಿಗೆ ಫೋನ್ ಮಾಡಿ ಸಮಯ ಕೇಳಿ, ಮಗಳನ್ನು ಮತ್ತೆ ಹೊರಡಿಸಿದಳು.

"ನೀವು ಹೇಳಿದ ದರ ಯಾವ ತಿಂಗಳಿಂದು?" ಎಂದು ಕೂರುವ ಮೊದಲೇ ಕೇಳಿದಳು.

"ಒಣ ಕಾಲದ್ದು, ಅಮ್ಮ. ಆಗಲೇ ಎಲ್ಲರೂ ಹೋಗೋದು."

"ಯಾರೂ ಹೋಗದೇ ಇರೋ ಕಾಲ ಯಾವುದು?"

ಹೆಂಗಸು ನಕ್ಕಳು. "ಮಳೆ ಬೀಳೋ ತಿಂಗಳುಗಳು. ಆಗ ಎಲ್ಲ ಅರ್ಧ ಬೆಲೆ. ಎಷ್ಟೋ ಕ್ಯಾಂಪು ಖಾಲಿ ಹೊಡೀತಿರುತ್ತವೆ. ಆದ್ರೆ ನಾನು ಯಾರಿಗೂ ಹೋಗಿ ಅನ್ನಲ್ಲ. ಹುಲ್ಲು ಆಳೆತ್ತರ ಬೆಳೆದಿರುತ್ತೆ. ಸಿಂಹ ಪಕ್ಕದಲ್ಲೇ ಮಲಗಿದ್ರೂ ಕಾಣಲ್ಲ. ವಾಪಸ್ ಬಂದು ನನ್ನ ಮೇಲೆ ಜಗಳ ಆಡ್ತಾರೆ, ಏನೂ ಕಾಣಿಸಲಿಲ್ಲ..."

ಅಲ್ಲಿಗೆ ಅವಳ ಮಾತು ನಿಂತಿತು. ಮಗಳು ಅಮ್ಮನ ಮುಖ ನೋಡಿದಳು. ಆ ಮುಖದಲ್ಲಿ ಮೊದಲು ತುಟಿಯ ಒಂದು ಮೂಲೆ ಅಲುಗಿತು, ಆಮೇಲೆ ಎರಡೂ ಕೆನ್ನೆ. ಮೂವರೂ ಒಟ್ಟಿಗೆ ನಗತೊಡಗಿದಾಗ ಒಳಗಿನ ಕೋಣೆಯಿಂದ ಯಾರೋ ಬಂದು ಇಣುಕಿ ಹೋದರು.

"ನೋಡಿ," ಎಂದಳು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಹುಲ್ಲು ಮೊಣಕಾಲೆತ್ತರ ಇದ್ರೂ ಮುಗಿಲೆತ್ತರ ಇದ್ರೂ ನಂಗೆ ಒಂದೇ. ಮಳೆಯಲ್ಲಿ ಕೇಳೋಕೆ ಏನಿರುತ್ತೆ, ಅದು ಹೇಳಿ."

"ಕಪ್ಪೆ. ದೂರದ ದೇಶಗಳಿಂದ ಬಂದ ಹಕ್ಕಿಗಳು. ಗುಡುಗು. ಹಕ್ಕಿ ಪ್ರಿಯರು ಮಾತ್ರ ಆಗ ಹೋಗ್ತಾರೆ."

"ಬರೀರಿ ಹಾಗಾದ್ರೆ, ಮಳೆ ತಿಂಗಳಿಗೆ."

ಹೊಸ ಲೆಕ್ಕ ಅಮ್ಮನ ದುಡ್ಡಿನೊಳಗೇ ಬಂತು. ಜೀಪು ಪೂರ್ತಿ ತಮ್ಮದೇ. ಭಕ್ಷೀಸಿಗೂ ಮಿಕ್ಕು, ಏನಾದರೂ ಏರುಪೇರಾದರೆ ಇರಲಿ ಎಂದು ಬೇರೆ ಇಡಲಿಕ್ಕೂ ಮಿಕ್ಕಿತು. ಅಮ್ಮ ಮಗಳ ಕಡೆ ತಿರುಗಿ ಗಲ್ಲ ಎತ್ತಿದಳು, ಪರೀಕ್ಷೆಯಲ್ಲಿ ಮೊದಲು ಬಂದವಳ ಹಾಗೆ.

ಎರಡು ದಿನಕ್ಕೆ ತೊಡಕೊಂದು ಎದುರಾಯಿತು. ಕಣ್ಣು ಕಾಣದ ಅತಿಥಿಯನ್ನು ಗುಡಾರದಲ್ಲಿ ಇಳಿಸಲು ತಮಗೆ ಧೈರ್ಯವಿಲ್ಲ, ಕ್ಷಮಿಸಿ, ಎಂದು ಕ್ಯಾಂಪಿನವರು ಬರೆದಿದ್ದರು. ಹಾಗೆ ಬರೆದಿದ್ದನ್ನು ಏಜೆನ್ಸಿಯ ಹೆಂಗಸು ಇಬ್ಬರನ್ನೂ ಕಚೇರಿಗೆ ಕರೆಸಿ ತಗ್ಗಿದ ದನಿಯಲ್ಲಿ ಓದಿದಳು. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಮಾತ್ರ, "ಬರೆಯೋದು ಬಿಡಿ, ಲೈನ್ ಕೊಡಿ ನಂಗೆ," ಎಂದಳು.

ಕ್ಯಾಂಪಿನ ಹಿರಿಯ ಗೈಡ್ ಫೋನಿಗೆ ಬಂದ. ಅಮ್ಮ ಬೋರ್ಡಿನ ಮುಂದೆ ಕೂತಾಗಿನ ತನ್ನ ಆ ಹಳೆಯ ದನಿಯನ್ನು ಇಂಗ್ಲಿಷಿನಲ್ಲಿ ತೆಗೆದಳು. ಅವನು ಹೇಳಿದ ಒಂದೊಂದು ಅಡ್ಡಿಯನ್ನೂ ಕೇಳಿ, ಒಂದೊಂದಕ್ಕೂ ಉತ್ತರ ಕೊಟ್ಟಳು. ಗುಡಾರದಿಂದ ಊಟದ ಜಾಗಕ್ಕೆ ಎಲ್ಲರೂ ಕಾವಲುಗಾರನ ಜೊತೆಯಲ್ಲೇ ನಡೆಯಬೇಕೆಂಬ ನಿಯಮ ನಿಮ್ಮಲ್ಲೇ ಇದೆಯಲ್ಲ, ಕತ್ತಲಾದ ಮೇಲೆ ಉಳಿದವರಿಗೆ ಕಾಣುವುದೂ ಅಷ್ಟರಲ್ಲೇ ಇದೆ, ನಾನು ಮಗಳ ತೋಳು ಹಿಡಿದು ಊರೆಲ್ಲ ತಿರುಗುವವಳು, ಜೀಪಿನಿಂದ ಇಳಿಯಬೇಡಿ ಅಂದರೆ ಖಂಡಿತ ಇಳಿಯುವುದಿಲ್ಲ, ಎಂದಳು.

"ನಿಮಗೆ ಇಲ್ಲಿ ಏನು ಬೇಕು, ಮಾಮಾ?" ಎಂದು ಕೇಳಿದ ಅವನು. ಅವರ ಕಡೆ ದೊಡ್ಡ ಹೆಂಗಸರನ್ನು ಹಾಗೆ ಕರೆಯುತ್ತಾರೆ.

"ಮೊದಲು ಆ ಫೋನನ್ನ ಕಿಟಕಿ ಹೊರಗೆ ಹಿಡಿಯಪ್ಪ," ಎಂದಳು ಅಮ್ಮ.

ಅವನು ಹಿಡಿದ. ಅಮ್ಮ ರಿಸೀವರನ್ನು ಕಿವಿಗೊತ್ತಿಕೊಂಡು ಕೂತಳು. ಮಗಳಿಗೆ ಏನೂ ಕೇಳಿಸಲಿಲ್ಲ. ಅಮ್ಮನ ಹುಬ್ಬು ಮೇಲೇರಿದ್ದು ಮಾತ್ರ ಕಂಡಿತು. ಸುಮಾರು ಹೊತ್ತಿನ ಮೇಲೆ ಅವನ ದನಿ ವಾಪಸು ಬಂದಾಗ, ಅದರಲ್ಲಿ ನಗು ಇತ್ತಂತೆ. "ಅದು ನದಿಯಲ್ಲಿ ನೀರಾನೆಗಳು," ಎಂದನಂತೆ. "ಬನ್ನಿ ಮಾಮಾ. ನಿಮ್ಮ ಗಾಡಿ ನಾನೇ ಓಡಿಸ್ತೀನಿ."

ಫೋನ್ ಇಟ್ಟ ಅಮ್ಮ ಮಗಳಿಗೆ ಹೇಳಿದಳು: "ಈ ವಯಸ್ಸಲ್ಲಿ ಮಾಮ ಆದೆ ನೋಡೆ. ಮೀಸೆ ಒಂದು ಬಾಕಿ."

ಹೊರಡುವ ಮುಂಚಿನ ವಾರ ನೆರೆಹೊರೆಯವರೆಲ್ಲ ಬಂದು ಹೋದರು. "ಪುಣ್ಯವಂತೆ ನೀವು, ಮಗಳು ಅಷ್ಟು ದೂರ ಕರ್ಕೊಂಡು ಹೋಗ್ತಿದಾಳೆ," ಎಂದಳು ಮೇಲಿನ ಮನೆಯವಳು. "ಅವಳೆಲ್ಲಿ? ನಾನು ಅವಳನ್ನ ಕರ್ಕೊಂಡು ಹೋಗ್ತಿರೋದು," ಎಂದು ಅಮ್ಮ ತಿದ್ದಿದಳು. ಮಗಳು ಹೌದೌದೆಂದು ತಲೆಯಾಡಿಸಿದಳು. ಅದನ್ನು ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಆಗಲೇ ಹೇಳಿಕೊಂಡು ತಿರುಗಿದ್ದಳು.

ಪ್ರಯಾಣ ಸುಲಭವಿರಲಿಲ್ಲ. ಕಾಡಿನ ರಸ್ತೆಯಲ್ಲಿ ಜೀಪಿನ ಚಕ್ರ ಕೆಸರಿನಲ್ಲಿ ಹೂತು, ಮಧ್ಯಾಹ್ನವೆಲ್ಲ ಅಲ್ಲೇ ಕಳೆಯಿತು. ಮಳೆಗೆ ಗುಡಾರದೊಳಗೆ ಬಟ್ಟೆಯೆಲ್ಲ ತಣ್ಣಗೆ ಜಿಗುಟಾದವು. ಮೊದಲ ದಿನ ಬೆಳಗ್ಗೆ ಮಗಳಿಗೆ ಕಂಡಿದ್ದು ಹುಲ್ಲು, ಮತ್ತೆ ಹುಲ್ಲು, ಅದರ ಮೇಲೆ ಒಂದು ಜಿರಾಫೆಯ ತಲೆ. ಅಮ್ಮನಿಗೆ ಮಾತ್ರ ಪುರುಸೊತ್ತೇ ಇರಲಿಲ್ಲ. ಇದು ಯಾವ ಹಕ್ಕಿ, ಅದು ಯಾಕೆ ನಾಯಿಯ ಹಾಗೆ ಬೊಗಳಿತು, ಅದು ಜೀಬ್ರಾನಾ, ಜೀಬ್ರಾ ಬೊಗಳುತ್ತಾ, ಎಂದು ಗೈಡನ್ನು ಒಂದೇ ಸಮ ಕೇಳುತ್ತಿದ್ದಳು. ಅವನೂ ದಣಿಯದೆ ಉತ್ತರ ಕೊಡುತ್ತಿದ್ದ. ಕಣ್ಣಿಗೆ ಕಾಣುವ ಪ್ರಾಣಿಯನ್ನು ಹುಡುಕಿಕೊಡಬೇಕೆಂಬ ಅವಸರ ಅವನಿಗೂ ಆ ವಾರ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ತಾನೂ ಕಾಡನ್ನು ಕೂತು ಕೇಳುತ್ತಿದ್ದೇನೆ ಎಂದು ಮಗಳ ಹತ್ತಿರ ಹೇಳಿದ.

ಮೂರನೆಯ ದಿನ ಸಂಜೆ ಮಳೆ ನಿಂತಿತ್ತು. ಗೈಡ್ ಒಂದು ಇಳಿಜಾರಿನಲ್ಲಿ ಜೀಪು ನಿಲ್ಲಿಸಿ ಇಂಜಿನ್ ಆರಿಸಿದ. ಕಪ್ಪೆಗಳ ವಟವಟ ಒಮ್ಮೆಲೇ ಅಡಗಿತು. ಹುಲ್ಲಿನೊಳಗೆಲ್ಲೋ ಬಟ್ಟೆ ಹರಿದಂತೆ ಪರಪರ ಸದ್ದು. ನಿಂತಿತು. ಮತ್ತೆ ಪರಪರ, ಈ ಸಲ ಇನ್ನೂ ಹತ್ತಿರ. ಹಸಿ ಹುಲ್ಲಿನ ಜೊತೆ ಕೊಟ್ಟಿಗೆಯಂಥ ಬೆಚ್ಚನೆಯ ವಾಸನೆ ಬಂತು. "ಆನೆಗಳು," ಎಂದು ಗೈಡ್ ಪಿಸುಗುಟ್ಟಿದ. "ತಾಯಂದಿರು, ಮರಿಗಳು. ಅಲುಗಬೇಡಿ."

ಹುಲ್ಲು ಇಬ್ಭಾಗವಾಗಿ, ಕೆಸರು ಮೆತ್ತಿದ ಬೂದು ಗೋಡೆಯೊಂದು ಜೀಪಿನ ಪಕ್ಕದಲ್ಲಿ ಬಂದು ನಿಂತಿತು. ಎರಡು ಮಾರು ದೂರವೂ ಇಲ್ಲ. ಮಗಳು ಅಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಗ ಆ ಆನೆ ಬಾಯಿ ತೆರೆಯದೆಯೇ, ಎದೆಯೊಳಗಿಂದ, ಗುಡುಗಿಗಿಂತ ತಗ್ಗಿನ ದನಿಯೊಂದನ್ನು ಹೊರಡಿಸಿತು. ಜೀಪಿನ ತಗಡು ಕಂಪಿಸಿತು, ಕೂತಿದ್ದ ಸೀಟು ಕಂಪಿಸಿತು. ಅಲ್ಲೆಲ್ಲೋ ಹುಲ್ಲಿನಾಚೆಯಿಂದ ಅಂಥದೇ ಇನ್ನೊಂದು ದನಿ ಉತ್ತರ ಕೊಟ್ಟಿತು.

ಅಮ್ಮ ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗೈಗಳನ್ನು ಜೀಪಿನ ಬಾಗಿಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಕೂತಿದ್ದಳು. ಅವಳ ಮುಖದ ಮೇಲೆ ಮಗಳು ಅಲ್ಲಿಯವರೆಗೆ ಕಾಣದಿದ್ದ ಗಾಂಭೀರ್ಯವಿತ್ತು, ದೊಡ್ಡವರೊಬ್ಬರು ತಾವಾಗಿಯೇ ಬಂದು ಮಾತಾಡಿಸಿದಾಗ ಇರುವಂಥದು. ಮಗಳು ಆನೆಯನ್ನು ನೋಡುವುದು ಬಿಟ್ಟು ಅಮ್ಮನನ್ನೇ ನೋಡಿದಳು. ಕ್ಯಾಮೆರಾ ಮಡಿಲಲ್ಲೇ ಇತ್ತು. ಕೈ ಅತ್ತ ಹೋಗಲಿಲ್ಲ.

ಆನೆಗಳು ಒಂದೊಂದಾಗಿ ಹುಲ್ಲಿನೊಳಗೆ ಕರಗಿದವು. ಕಪ್ಪೆಗಳು ಎಲ್ಲಿ ಬಿಟ್ಟಿದ್ದವೋ ಅಲ್ಲಿಂದ ಮತ್ತೆ ಶುರುಮಾಡಿದವು.

"ಕತ್ತಲಾಗ್ತಾ ಬಂತು, ಮಾಮಾ. ಹೊರಡೋಣವಾ?" ಎಂದ ಗೈಡ್.

ಅಮ್ಮ ಮಗಳ ಕೈಯನ್ನು ತನ್ನ ತೋಳಿನಿಂದ ಮೆಲ್ಲಗೆ ಬಿಡಿಸಿ, ತನ್ನ ಅಂಗೈಯೊಳಗೆ ತೆಗೆದುಕೊಂಡಳು.

"ಇನ್ನೊಂದು ಚೂರು ಹೊತ್ತಪ್ಪ," ಎಂದಳು. "ನನ್ನ ಮಗಳು ಹೆದರಿದಾಳೆ. ಸುಧಾರಿಸಿಕೊಳ್ಳಲಿ."