ಸದ್ದು ಮಾಡಬಾರದ ಕೋಣೆ

ಆ ಕೋಣೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ. ನಡುವೆ ಗಾಜಿನ ತೊಟ್ಟಿ, ತೊಟ್ಟಿಯ ತುಂಬ ಲವಣ ಕರಗಿಸಿದ ಬೆಚ್ಚನೆಯ ನೀರು, ಅದರೊಳಗೆ ಸರಳಿಗೆ ಕಚ್ಚಿಕೊಂಡು ಬೆಳೆಯುವ ಹರಳು. ಹೊರಲಾರದಷ್ಟು ಲವಣ ಹೊತ್ತ ನೀರದು. ಜೋರಾಗಿ ಒಂದು ಪೆಟ್ಟು ಬಿದ್ದರೆ ಸಾಕು, ತೊಟ್ಟಿಯಿಡೀ ಪುಡಿ ಹರಳು ಉದುರಿ ತಿಂಗಳುಗಟ್ಟಲೆ ಪಟ್ಟ ಪಾಡು ಮಣ್ಣುಪಾಲು. ಹಾಗಾಗಿ ಚಪ್ಪಲಿ ಹೊರಗೆ, ಮಾತು ಪಿಸುದನಿಯಲ್ಲಿ, ಬಾಗಿಲಿನ ಅಂಚಿಗೆ ಕಂಬಳಿಯ ಪಟ್ಟಿ.

ಹೆಂಡತಿಯನ್ನು ಹೊಡೆಯಲು ಮೇಸ್ತ್ರಿ ಆರಿಸಿಕೊಂಡಿದ್ದೂ ಅದೇ ಕೋಣೆಯನ್ನು. ಎಂಥ ಜಾಣ ನೋಡಿ. ಪಕ್ಕದ ಶೆಡ್ಡಿನಲ್ಲೇ ಅವಳ ತಮ್ಮ ಸಿದ್ಧವಾದ ಹರಳುಗಳನ್ನು ಉಜ್ಜುತ್ತ ಕೂತಿರುತ್ತಿದ್ದ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ, ಏಕೆಂದರೆ ಅಕ್ಕ ಕೂಗುತ್ತಿರಲಿಲ್ಲ. ಹರಳು ಬೆಳೆಸುವವಳು ಅವಳು. ತನ್ನ ಕೂಗಿಗೇ ಅದು ಹಾಳಾದೀತು ಎಂದು ಹಲ್ಲು ಕಚ್ಚಿ ಏಟು ತಿನ್ನುತ್ತಿದ್ದಳು.

ಹೋದ ಸಲ ಮೇಸ್ತ್ರಿ ಹೊಡೆದದ್ದು ಸಾಲದೆಂದು ಹೀಟರನ್ನೂ ಏರಿಸಿದ್ದ. ನೀರು ಕಾದಂತೆ, ಮಾರಲಿಕ್ಕಲ್ಲದೆ ಅವಳು ತನಗೆಂದು ಬೆಳೆಸಿಕೊಂಡಿದ್ದ ಹರಳಿನ ಮೂಲೆಗಳು ಮೊದಲು ಕರಗಿದವು, ಆಮೇಲೆ ಅಂಚುಗಳು, ಕೊನೆಗೆ ಉಳಿದದ್ದು ಸವೆದ ಸೋಪಿನಂಥ ಒಂದು ತುಂಡು. ಅದೂ ಹೋಗುವವರೆಗೆ ಅವಳ ಜುಟ್ಟು ಹಿಡಿದು ನೋಡಿಸಿದ್ದ.

ಈಗಿನ ಹರಳು ನಾಳೆ ಹೊರಬರಬೇಕಿತ್ತು. ಆದರೆ ಬೆಳಿಗ್ಗೆ ಸರಳು ತಿರುಗಿಸುವ ಬೆಲ್ಟು ಜಾರಿ, ಹರಳು ಸ್ವಲ್ಪ ಹೊತ್ತು ನಿಂತುಬಿಟ್ಟಿತ್ತು. ನಿಂತರೆ ಕೆಟ್ಟಿತು. ಹರಳಿಗೆ ಅಂಟಿಕೊಂಡ ನೀರು ತನ್ನ ಲವಣವನ್ನೆಲ್ಲ ಕೊಟ್ಟು ಬರಿದಾಗುತ್ತದೆ. ದೂರದ ನೀರು ಬಂದು ಸೇರದಿದ್ದರೆ ಒಳಗೆ ಮಂಜಿನಂಥ ಕಲೆ ಕೂರುತ್ತದೆ. ಹತ್ತಿರ ಇದ್ದದ್ದೇ ಮೊದಲು ಬರಿದಾಗುವ ಸಂಗತಿ ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೇಸ್ತ್ರಿ ಬಗ್ಗಿ ನೋಡಿದ. ಹರಳಿನ ನಡುವೆ ಉಗುರಿನಷ್ಟು ಕಲೆ.

"ಇದೇನೇ ಇದು?" ಪಿಸುಗುಟ್ಟಿದ.

"ಬೆಲ್ಟು ಬದಲಾಯ್ಸಿ ಅಂತ ಎಷ್ಟು ಸಲ ಬಡ್ಕೊಂಡೆ ನಿಮ್ಗೆ," ಅವಳದೂ ಪಿಸುದನಿಯೇ.

ಮುಷ್ಟಿ ಬಾಯಿಗೆ ಬಿತ್ತು. ತುಟಿ ಒಡೆಯಿತು. ಎರಡನೆಯದು ಪಕ್ಕೆಗೆ. ಬಗ್ಗಿದವಳ ಕತ್ತು ಹಿಡಿದು ಮುಖವನ್ನು ತೊಟ್ಟಿಯೊಳಕ್ಕೆ ಅದುಮಿದ. ಒಡೆದ ತುಟಿಗೆ ಲವಣ ತಾಗಿ ಜೀವ ಹೋದಂತಾಯಿತು. ಕಣ್ಣೆದುರಿಗೇ ಹರಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿತ್ತು, ಅವಳ ರಕ್ತದ ಎಳೆಯನ್ನು ಸುತ್ತಿಕೊಳ್ಳುತ್ತ. ಮೇಲೆತ್ತಿದ, ಮತ್ತೆ ಅದುಮಿದ.

"ಇವತ್ತು ನೀನೂ ಕರಗ್ಹೋಗು," ಎಂದ, ಆಗಲೂ ಮೆಲ್ಲಗೆ.

ಈ ಸಲ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಎದೆ ಒಡೆದುಹೋಗುವಂತಿತ್ತು. ಒಂದೋ ಹರಳು ಉಳಿಯಬೇಕು, ಇಲ್ಲ ತಾನು. ತಡಕಾಡಿದ ಕೈಗೆ ಬೆಲ್ಟು ಬಿಗಿಯುವ ಸ್ಪ್ಯಾನರ್ ಸಿಕ್ಕಿತು. ತೊಟ್ಟಿಯ ಕಬ್ಬಿಣದ ಚೌಕಟ್ಟಿಗೆ ಇದ್ದಬದ್ದ ಶಕ್ತಿಯಿಂದ ಬಾರಿಸಿದಳು.

ನೀರೆಲ್ಲ ಒಮ್ಮೆಗೇ ಬೆಳ್ಳಗಾಯಿತು.

ಮೇಸ್ತ್ರಿ ಕತ್ತು ಬಿಟ್ಟ. ಇಷ್ಟು ವರ್ಷದ ಕೆಲಸಗಾರ, ಹೆಂಡತಿ ಹೋದರೂ ಹರಳು ಹೋಗಬಾರದು. ಎರಡೂ ಕೈಗಳನ್ನು ನೀರಿಗೆ ಹಾಕಿ ಅದನ್ನು ಎತ್ತಿದ. ಅಕ್ಕ ಎದ್ದು ನಿಂತಳು, ಕೆಮ್ಮಿ ನೀರು ಕಕ್ಕಿದಳು, ಅವನ ಮಣಿಕಟ್ಟಿನ ಮೇಲೆ ಸ್ಪ್ಯಾನರ್ ಇಳಿಸಿದಳು. ಮೂಳೆ ಲಟಕ್ಕೆಂದಿತು. ಹರಳು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಅವನು ತುಟಿ ಕಚ್ಚಿಕೊಂಡು ಕುಸಿದನೇ ಹೊರತು ಕೂಗಲಿಲ್ಲ. ಅಭ್ಯಾಸ, ಪಾಪ. ಇನ್ನೊಂದು ಕೈಗೂ ಬಾರಿಸಿದಳು. ಆಗಲೂ ಕೂಗಲಿಲ್ಲ.

ಕೂಗಿದವಳು ಅವಳು. ಆ ಕೋಣೆಯ ಗೋಡೆಗಳು ಅಂಥ ದನಿಯನ್ನು ಕೇಳಿಯೇ ಇರಲಿಲ್ಲ.

ತಮ್ಮ ಓಡಿ ಬಂದು ಬಾಗಿಲು ತೆರೆದ. ಅಕ್ಕನ ಮುಖದ ರಕ್ತ ನೋಡಿದ, ನೆಲದ ಮೇಲಿದ್ದ ಬಾವನನ್ನು ನೋಡಿದ. ಆದರೂ ಹೊಸಿಲ ಬಳಿ ನಿಂತು, ಚಪ್ಪಲಿ ಬಿಚ್ಚಲು ಬಗ್ಗಿದ.

"ಹಾಕ್ಕೊಂಡೇ ಬಾರೋ," ಅಕ್ಕ ಗಟ್ಟಿಯಾಗಿ ಹೇಳಿದಳು.